ರಾತ್ರಿ ಸೈಕಲ್ ಸವಾರಿಗೆ ಎಂಥ ಲೈಟ್ ತಗೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು?

ಸೆಕೆಂಡ್‌ಶಿಫ್ಟ್_ನಂಜನಗೂಡು

ಎಲ್ಲರಿಗೂ ನಮಸ್ಕಾರ. ನಾನು ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುತ್ತೇನೆ. ಸೆಕೆಂಡ್ ಶಿಫ್ಟ್ ಮುಗಿಸಿ ಗೇಟ್ ದಾಟುವಷ್ಟರಲ್ಲಿ ರಾತ್ರಿ ಹತ್ತೂವರೆ ಆಗಿರುತ್ತದೆ. ಊರು 12 ಕಿ.ಮೀ. ದೂರ. ಸ್ವಲ್ಪ ದೂರ ಮೇನ್ ರೋಡ್, ಆಮೇಲೆ ಪೂರ್ತಿ ನಾಲೆ ಪಕ್ಕದ ರಸ್ತೆ. ಬೀದಿ ದೀಪ ಕಾಣುವುದು ಹಳ್ಳಿ ಬಂದಾಗ ಮಾತ್ರ. ಪೇಂಟ್ ಹೊಡೆಯದ ಹಂಪ್ಸ್, ಗುಂಡಿ, ಸುಗ್ಗಿ ಕಾಲದಲ್ಲಿ ರಸ್ತೆ ಮೇಲೇ ಹರಡಿದ ರಾಗಿ, ಹುರುಳಿ, ಅದರ ಸುತ್ತ ಇಟ್ಟ ಕಲ್ಲುಗಳು. ಇದೆಲ್ಲ ನಿಮಗೂ ಗೊತ್ತಿರುವುದೇ.

ಈಗಿರುವ ಚಿಕ್ಕ ಲೈಟ್ ಸಾಲುತ್ತಿಲ್ಲ. ಹಿಂದಿನ ಕೆಂಪು ಲೈಟ್ ಸೇರಿ 3000 ರೂಪಾಯಿವರೆಗೆ ಹಾಕಬಲ್ಲೆ. ಆನ್‌ಲೈನಲ್ಲಿ ನೋಡಿದರೆ 600 ರೂಪಾಯಿ ಲೈಟ್‌ಗೆ ‘5000 ಲ್ಯೂಮೆನ್, 10 ಗಂಟೆ’ ಅಂತ ಬರೆದಿದ್ದಾರೆ (ಲ್ಯೂಮೆನ್ ಅಂದರೆ ಬೆಳಕಿನ ಅಳತೆ). ಅದರ ಪಕ್ಕದಲ್ಲೇ 400 ಲ್ಯೂಮೆನ್ ಲೈಟ್‌ಗೆ 2000 ರೂಪಾಯಿ. ಯಾವುದನ್ನು ನಂಬಲಿ? ನಿಜಕ್ಕೂ ಎಷ್ಟು ಬೆಳಕು ಬೇಕು? ದಿನಾ ಓಡಿಸುವವರು ಹೇಳಿ.

ರಿಪೇರಿಬೆಂಚ್_ತುಮಕೂರು

ಲೆಕ್ಕ ಹಾಕಿ ನೋಡೋಣ ಸರ್, ತಾನಾಗಿಯೇ ಗೊತ್ತಾಗುತ್ತದೆ.

ಈ ಲೈಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 18650 ಅನ್ನುವ ಲಿಥಿಯಂ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆ ಕಂಪನಿಯ ಸೆಲ್ ಅಂದರೂ ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು, ಅಂದರೆ 3.5 ಆಂಪಿಯರ್-ಗಂಟೆ. ವೋಲ್ಟೇಜ್ 3.6. ಎರಡನ್ನೂ ಗುಣಿಸಿದರೆ ಸುಮಾರು 12.6 ವ್ಯಾಟ್-ಗಂಟೆ. ಒಂದು ಸೆಲ್‌ನಲ್ಲಿ ಇರುವ ಬಂಡವಾಳ ಇಷ್ಟೇ.

ಇನ್ನು ಎಲ್ಇಡಿ ಕಡೆ ಬನ್ನಿ. ಲೆನ್ಸ್, ಸರ್ಕ್ಯೂಟ್ ಎಲ್ಲದರ ನಷ್ಟ ಕಳೆದು ಒಂದು ವ್ಯಾಟ್‌ಗೆ 100ರಿಂದ 120 ಲ್ಯೂಮೆನ್ ಸಿಕ್ಕರೆ ಒಳ್ಳೆ ಲೈಟ್ ಅಂತಲೇ ಅರ್ಥ. ಹಾಗಾದರೆ 5000 ಲ್ಯೂಮೆನ್‌ಗೆ 40 ವ್ಯಾಟ್‌ಗಿಂತ ಜಾಸ್ತಿ ಬೇಕು. ಒಂದು ಸೆಲ್ ಅದನ್ನು 20 ನಿಮಿಷವೂ ಓಡಿಸಲಾರದು. ಅಷ್ಟು ಶಾಖವನ್ನು ಮುಷ್ಟಿಯಷ್ಟಿರುವ ಪ್ಲಾಸ್ಟಿಕ್ ಡಬ್ಬಿ ತಡೆಯುವುದೂ ಇಲ್ಲ. ನಿಮ್ಮ 400 ಲ್ಯೂಮೆನ್ ಲೈಟ್‌ಗೆ ಇದೇ ಲೆಕ್ಕ ಹಾಕಿ. 4 ವ್ಯಾಟ್ ಬೇಕು, ಒಂದು ಸೆಲ್‌ನಲ್ಲಿ ಮೂರು ಗಂಟೆ. ಸರಿಹೋಯಿತಲ್ವಾ? ಇಂಥ ಲೆಕ್ಕಕ್ಕೆ ಹತ್ತಿರ ಬರುವ ಡಬ್ಬಿಯನ್ನು ನಂಬಿ.

ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಪಕ್ಕಕ್ಕಿಡಿ. ಆ ಗಾತ್ರದ ಸೆಲ್‌ನಲ್ಲಿ ಅಷ್ಟು ಹಿಡಿಯುವುದೇ ಇಲ್ಲ. ನಮ್ಮ ಬೆಂಚಿಗೆ ಬರುವ ಇಂಥ ಸೆಲ್‌ಗಳಲ್ಲಿ ಸಾವಿರ ಎಂಎಎಚ್ ಸಿಗುವುದೂ ಕಷ್ಟ. ಅಂಗಡಿಯಲ್ಲೇ ನೋಡಲು ಸುಲಭದ ದಾರಿ ಬೇಕಾದರೆ ತಕ್ಕಡಿಯಲ್ಲಿ ತೂಗಿ. ಒಳ್ಳೆ 18650 ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ. 30-35 ಗ್ರಾಂ ಬಂದರೆ ಒಳಗೆ ಸರಕಿಲ್ಲ.

ಇನ್ನೊಂದು ಮಾತು. ಡಬ್ಬಿ ಮೇಲೆ ‘ಎಎನ್ಎಸ್ಐ ಎಫ್ಎಲ್1’ (ಟಾರ್ಚ್ ಅಳೆಯುವ ಅಮೆರಿಕದ ಮಾನದಂಡ) ಪ್ರಕಾರ ಅಳೆದದ್ದು ಅಂತ ಇದ್ದರೂ ಓಡುವ ಸಮಯವನ್ನು ಹುಷಾರಾಗಿ ಓದಿ. ಆ ಅಳತೆಯಲ್ಲಿ ಬೆಳಕು ಮೊದಲಿದ್ದದ್ದರ 10%ಗೆ ಇಳಿಯುವವರೆಗೂ ಲೆಕ್ಕ ನಡೆಯುತ್ತಲೇ ಇರುತ್ತದೆ. ‘5 ಗಂಟೆ’ ಅಂತ ಇದ್ದರೆ ಕೊನೆಯ ಒಂದೆರಡು ಗಂಟೆ ಮಿಣುಕು ದೀಪವೂ ಆಗಿರಬಹುದು. ಸಮಯಕ್ಕೆ ತಕ್ಕಂತೆ ಬೆಳಕು ಹೇಗೆ ಇಳಿಯುತ್ತದೆ ಅಂತ ಗ್ರಾಫ್ ಕೊಡುವ ಕಂಪನಿಗಳಿವೆ. ಅಂಥವರದನ್ನು ಮೊದಲು ನೋಡಿ.

ಬ್ರೆವೆಸವಾರ_ಹುಬ್ಬಳ್ಳಿ

ಲ್ಯೂಮೆನ್ ಲೆಕ್ಕ ಮೇಲಿನ ಅಣ್ಣ ಸರಿಯಾಗಿ ಹೇಳಿದರು. ನಾನು ರಸ್ತೆ ಕಡೆಯಿಂದ ಹೇಳುತ್ತೇನೆ.

ಲ್ಯೂಮೆನ್ ಅಂದರೆ ಲೈಟಿನಿಂದ ಹೊರಬೀಳುವ ಒಟ್ಟು ಬೆಳಕು. ಅದರಲ್ಲಿ ಎಷ್ಟು ರಸ್ತೆಗೆ ಬಿತ್ತು, ಎಷ್ಟು ಮರದ ಮೇಲೆ ಹೋಯಿತು, ಎಷ್ಟು ಎದುರಿನವರ ಕಣ್ಣಿಗೆ ಹೊಡೆಯಿತು ಅಂತ ಆ ಸಂಖ್ಯೆ ಹೇಳುವುದಿಲ್ಲ. ರಸ್ತೆಗೆ ಬೀಳುವ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಟಾರ್ಚಿನ ಹಾಗೆ ದುಂಡಗೆ ಬೆಳಕು ಬಿಡುವ 1000 ಲ್ಯೂಮೆನ್ ಲೈಟ್‌ಗಿಂತ, ಮೇಲಿನ ಬೆಳಕನ್ನು ಕತ್ತರಿಸಿ ಎಲ್ಲವನ್ನೂ ರಸ್ತೆಗೆ ಬಗ್ಗಿಸುವ 400 ಲ್ಯೂಮೆನ್ ಲೈಟ್‌ನಲ್ಲಿ ನಿಮ್ಮ ಹಂಪ್ಸ್ ಚೆನ್ನಾಗಿ ಕಾಣುತ್ತದೆ.

ಎಷ್ಟು ದೂರ ಕಾಣಬೇಕು? ನಿಮ್ಮ ಸ್ಪೀಡ್ ನೋಡಿ. 25 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 7 ಮೀಟರ್. ಗುಂಡಿ ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ, ಅಷ್ಟರಲ್ಲಿ 10 ಮೀಟರ್ ದಾಟಿರುತ್ತೀರಿ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 6 ಮೀಟರ್. ಒಟ್ಟು 16-17 ಮೀಟರ್. ಹಾಗಾಗಿ ಮುಂದೆ 20 ಮೀಟರ್ ಚೆನ್ನಾಗಿ ಕಂಡರೆ ಸಮತಟ್ಟು ರಸ್ತೆಗೆ ಸಾಕು. ಇಳಿಜಾರಲ್ಲಿ 40 ಹೋದರೆ ಇದೇ ಲೆಕ್ಕ 32 ಮೀಟರ್ ದಾಟುತ್ತದೆ. ಮಳೆ ಬಿದ್ದಿದ್ದರೆ ಇನ್ನೂ ಜಾಸ್ತಿ. ಬೆಳಕು ಎಷ್ಟು ದೂರ ಇದೆಯೋ ಅಷ್ಟರಲ್ಲಿ ನಿಲ್ಲುವ ಸ್ಪೀಡ್ ಇಟ್ಟುಕೊಳ್ಳಿ. ಘಾಟಿ ಇಳಿಯುವಾಗ ನಾನು ಇದನ್ನು ಯಾರಿಗೂ ರಿಯಾಯಿತಿ ಇಲ್ಲದೆ ಹೇಳುತ್ತೇನೆ.

ನಾಲೆ ರಸ್ತೆಗೆ 300ರಿಂದ 500 ಲ್ಯೂಮೆನ್, ರಸ್ತೆಗೆ ಬಗ್ಗಿದ ಬೆಳಕು. ಇದು ನನ್ನ ಉತ್ತರ.

ಮ್ಯೂನಿಕ್_ಕನ್ನಡಿಗ

ಬೆಳಕು ಕತ್ತರಿಸುವ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನಿರುವ ಜರ್ಮನಿಯಲ್ಲಿ ಇದು ಕಾನೂನು. ‘ಎಸ್‌ಟಿವಿಝಡ್ಒ’ ಅನ್ನುವ ವಾಹನ ನಿಯಮದಲ್ಲಿ ಸೈಕಲ್ ಲೈಟೂ ಸೇರಿದೆ. ಬೆಳಕಿಗೆ ಮೇಲ್ಗಡೆ ಒಂದು ಗಡಿ ಇರಬೇಕು, ಕಾರಿನ ಡಿಮ್ ಲೈಟ್‌ಗೆ ಇರುವ ಹಾಗೆ. 10 ಮೀಟರ್ ದೂರದಲ್ಲಿ ನಡುಭಾಗಕ್ಕೆ ಕನಿಷ್ಠ 10 ಲಕ್ಸ್ ಬೀಳಬೇಕು. ಮಿಣುಕುವ ಲೈಟ್ ಹಾಕುವಂತಿಲ್ಲ, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಮೊದಲು ಡೈನಮೋ ಕಡ್ಡಾಯವಿತ್ತು. 2013ರಿಂದ ಬ್ಯಾಟರಿ ಲೈಟ್‌ಗೂ ಒಪ್ಪಿಗೆ ಕೊಟ್ಟಿದ್ದಾರೆ.

ಒಪ್ಪಿಗೆ ಸಿಕ್ಕ ಲೈಟ್ ಮೇಲೆ ಒಂದು ಅಲೆಯಂಥ ಗೆರೆ, ಇಂಗ್ಲಿಷಿನ ‘ಕೆ’ ಅಕ್ಷರ, ಒಂದು ನಂಬರ್ ಇರುತ್ತದೆ. ಭಾರತದಲ್ಲಿ ಕೊಳ್ಳುವಾಗಲೂ ಆ ಗುರುತು ಇದೆಯಾ ಅಂತ ನೋಡಬಹುದು. ಇಲ್ಲಿನ ಬುಶ್ ಉಂಟ್ ಮ್ಯೂಲರ್ ಕಂಪನಿಯ ಐಕ್ಯೂ-ಎಕ್ಸ್ ಡೈನಮೋ ಲೈಟ್ 100 ಲಕ್ಸ್ ಕೊಡುತ್ತದೆ. ರಾತ್ರಿ ಕಾಡುದಾರಿಯಲ್ಲಿ ಅದನ್ನು ಹಾಕಿಕೊಂಡು ಹೋದರೆ ಎದುರಿಗೆ ಬರುವವರು ಯಾರೂ ಕಣ್ಣಿಗೆ ಕೈ ಅಡ್ಡ ಹಿಡಿಯುವುದಿಲ್ಲ. ನನಗೆ ಮುಖ್ಯ ಅನಿಸುವುದು ಅದೇ. ಎದುರಿನವನಿಗೆ ಕಣ್ಣು ಕತ್ತಲೆ ಬಂದರೆ ಅವನು ನೇರ ನಮ್ಮ ಮೇಲೇ ಬರುತ್ತಾನೆ.

ಪೆಡಲ್_ಕಲಬುರಗಿ

ಆದರೆ ಸರ್, ನಮ್ಮ ಕಡೆ ಎದುರಿಗೆ ಬರುವ ಬೈಕ್, ಕಾರು ಎಲ್ಲ ಹೈ ಬೀಮ್‌ನಲ್ಲೇ ಬರುತ್ತವೆ. ನಾವು ಮಾತ್ರ ತಗ್ಗಿಸಿಕೊಂಡು ಹೋದರೆ ಅವರಿಗೆ ನಾವು ಇರುವುದೇ ಗೊತ್ತಾಗುವುದಿಲ್ಲ. ಜಾಸ್ತಿ ಬೆಳಕಿನ ಲೈಟ್ ಇದ್ದರೆ ಒಂದು ಸಲ ಫ್ಲ್ಯಾಶ್ ಮಾಡಿದ ತಕ್ಷಣ ಡಿಪ್ ಮಾಡುತ್ತಾರೆ. ಜರ್ಮನಿಯ ಮಾತು ಇಲ್ಲಿ ನಡೆಯಲ್ಲ.

ಸ್ಟೇರಿಂಗ್_ಚಿತ್ರದುರ್ಗ

ನಾನು ಲಾರಿ ಓಡಿಸುವವನು. ಸೈಕಲ್ ಓಡಿಸುವುದು ಊರಲ್ಲಿ ಮಾತ್ರ. ಕ್ಯಾಬಿನ್‌ನಿಂದ ಏನು ಕಾಣುತ್ತದೆ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲಿಗೆ ಕಲಬುರಗಿ ಅಣ್ಣನವರಿಗೆ. ಎದುರಿನಿಂದ ಒಂದೇ ಬಿಳಿ ಲೈಟ್ ಕಣ್ಣಿಗೆ ಹೊಡೆದರೆ ನಾನು ಅದನ್ನು ಬೈಕ್ ಅಂದುಕೊಳ್ಳುತ್ತೇನೆ. ಅದರ ಹಿಂದೆ, ಪಕ್ಕ ಏನಿದೆ ಅಂತ ಕಾಣುವುದಿಲ್ಲ. ನಡೆದು ಹೋಗುವವರು ಇದ್ದರೂ ಕಾಣುವುದಿಲ್ಲ. ಕಣ್ಣು ಮತ್ತೆ ಸರಿಯಾಗಲು ಸುಮಾರು ಹೊತ್ತು ಬೇಕು, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಲಾರಿ ಎಷ್ಟು ದೂರ ಹೋಗಿರುತ್ತದೆ ಯೋಚಿಸಿ. ದಯವಿಟ್ಟು ನಮ್ಮ ಕಣ್ಣಿಗೆ ಹೊಡೆಯಬೇಡಿ. ನೀವು ತಗ್ಗಿಸಿದ ಲೈಟೂ ನಮಗೆ ದೂರದಿಂದಲೇ ಕಾಣುತ್ತದೆ. ಎದುರಿನಿಂದ ಹೈ ಬೀಮ್ ಬಂದರೆ ನೀವು ಮಾಡಬೇಕಾದ್ದು ಸ್ಪೀಡ್ ಇಳಿಸಿ, ರಸ್ತೆಯ ಎಡ ಅಂಚು ನೋಡಿಕೊಂಡು ಹೋಗುವುದು.

ಈಗ ಹಿಂದಿನ ಲೈಟ್. ನಮಗೆ ನಿಜವಾಗಿ ಬೇಕಾದ್ದು ಅದು. ಮುಂದಿನ ಲೈಟ್‌ಗೆ ಎರಡು ಸಾವಿರ ಹಾಕಿ, ಹಿಂದೆ ಬೀದಿಬದಿಯ 50 ರೂಪಾಯಿ ಲೈಟ್ ಸಿಕ್ಕಿಸಿಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಸೈಕಲ್‌ನವರಿಗೆ ಅಪಾಯ ಬೆನ್ನ ಹಿಂದಿನಿಂದಲೂ ಅಷ್ಟೇ ಇದೆ, ಅದು ಅವರ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಬರೀ ಮಿಣುಕುವ ಕೆಂಪು ಲೈಟ್ ಇದ್ದರೆ ಏನೋ ಇದೆ ಅಂತ ಬೇಗ ಗೊತ್ತಾಗುತ್ತದೆ. ಆದರೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗುವುದಿಲ್ಲ. ಆರಿದಾಗ ಒಂದು ಕಡೆ, ಹೊತ್ತಿದಾಗ ಇನ್ನೊಂದು ಕಡೆ. ಒಂದೇ ಸಮ ಉರಿಯುವ ಲೈಟ್ ಇದ್ದರೆ ದೂರ, ಸ್ಪೀಡ್ ಎರಡೂ ತಿಳಿಯುತ್ತವೆ. ಎರಡು ಲೈಟ್ ಇಡಲು ಆದರೆ ಒಂದು ಉರಿಯಲಿ, ಒಂದು ಮಿಣುಕಲಿ. ಒಂದೇ ಇದ್ದರೆ ಉರಿಯುವ ಹಾಗೇ ಇಡಿ.

ರಿಫ್ಲೆಕ್ಟರ್ ತೆಗೆದು ಬಿಸಾಡಬೇಡಿ. ಗೇರ್ ಸೈಕಲ್ ಹುಡುಗರು ಚಂದ ಕಾಣಲ್ಲ ಅಂತ ಬಿಚ್ಚಿಬಿಡುತ್ತಾರೆ. ಲೈಟ್ ಚಾರ್ಜ್ ಮುಗಿದ ದಿನ ಉಳಿಯುವುದು ಅದೊಂದೇ. ಎಲ್ಲಕ್ಕಿಂತ ಬೇಗ ನನ್ನ ಕಣ್ಣಿಗೆ ಬೀಳುವುದು ಪೆಡಲಿನ ಹಳದಿ ರಿಫ್ಲೆಕ್ಟರ್. ಕಾಲಿನ ಜೊತೆ ಮೇಲೆ ಕೆಳಗೆ ಆಡುತ್ತದಲ್ಲ, ನೋಡಿದ ಕ್ಷಣವೇ ಸೈಕಲ್ ತುಳಿಯುವ ಮನುಷ್ಯ ಅಂತ ತಿಳಿಯುತ್ತದೆ. ಕಾಲಿನ ಗಿಣ್ಣಿಗೆ ರಿಫ್ಲೆಕ್ಟರ್ ಪಟ್ಟಿ ಕಟ್ಟಿಕೊಂಡರೂ ಅದೇ ಕೆಲಸ ಮಾಡುತ್ತದೆ. ಆದರೆ ಅದನ್ನೊಂದೇ ನೆಚ್ಚಬೇಡಿ. ರಿಫ್ಲೆಕ್ಟರ್ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತದೆ. ಕಾರಿನಲ್ಲಿ ಹೆಡ್‌ಲೈಟೂ ಕಣ್ಣೂ ಹತ್ತಿರ. ಲಾರಿಯಲ್ಲಿ ನಾವು ಲೈಟ್‌ಗಿಂತ ತುಂಬ ಎತ್ತರ ಕೂತಿರುತ್ತೇವೆ, ನಮಗೆ ಅದು ಸ್ವಲ್ಪ ಮಂಕಾಗಿಯೇ ಕಾಣುತ್ತದೆ.

ಬ್ರೆವೆಸವಾರ_ಹುಬ್ಬಳ್ಳಿ

ಅಣ್ಣ, ಇದನ್ನು ನಮ್ಮ ಎಲ್ಲ ಸವಾರರಿಗೆ ಕಳಿಸುತ್ತೇನೆ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ನಿಯಮದಲ್ಲೂ ರಾತ್ರಿ ಹೊತ್ತು ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಉರಿಯುತ್ತಿರಬೇಕು, ರಿಫ್ಲೆಕ್ಟರ್ ಜಾಕೆಟ್ ಹಾಕಿರಬೇಕು. 300 ಕಿ.ಮೀ.ಗೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಸಮಯ. ರಾತ್ರಿ ಓಡಿಸದೆ ಮುಗಿಸುವುದು ಹೆಚ್ಚಿನವರಿಗೆ ಆಗದ ಮಾತು. ಅದಕ್ಕೇ ನಾವು ಹಿಂದೆ ಎರಡು ಲೈಟ್ ಇಡುವುದು. ಒಂದು ಸೀಟ್ ಪೋಸ್ಟಿಗೆ, ಒಂದು ಚೈನ್ ಸ್ಟೇ (ಹಿಂದಿನ ಗಾಲಿಗೆ ಹೋಗುವ ಕೆಳಗಿನ ಕಂಬಿ) ಪಕ್ಕ ಅಥವಾ ಹೆಲ್ಮೆಟ್ಟಿಗೆ. ಒಂದು ಕೈಕೊಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ, ಬೆನ್ನ ಹಿಂದೆ ಇರುವುದಲ್ವಾ.

ಲೈಟ್ ಸಿಕ್ಕಿಸಿದ ಮೇಲೆ ಒಂದು ಸಲ ಸೈಕಲ್ ನಿಲ್ಲಿಸಿ ಹಿಂದೆ ನಡೆದು ಹೋಗಿ ನೋಡಿ. ಬ್ಯಾಗು, ಕ್ಯಾರಿಯರ್ ಮೇಲಿನ ಟಿಫಿನ್ ಚೀಲ, ಉದ್ದದ ರೇನ್‌ಕೋಟ್ ಇವೆಲ್ಲ ಲೈಟನ್ನು ಪೂರ್ತಿ ಮುಚ್ಚಿಬಿಡುತ್ತವೆ. ಫ್ಯಾಕ್ಟರಿಗೆ ಹೋಗುವವರ ಸೈಕಲ್‌ನಲ್ಲಿ ಇದು ಜಾಸ್ತಿ.

ಸೆಕೆಂಡ್‌ಶಿಫ್ಟ್_ನಂಜನಗೂಡು

ತುಂಬ ಥ್ಯಾಂಕ್ಸ್. ಕ್ಯಾರಿಯರ್‌ನಲ್ಲಿ ಟಿಫಿನ್ ಚೀಲ ನನ್ನದೂ ಇದೆ, ಹಿಂದಿನ ಲೈಟನ್ನು ಕ್ಯಾರಿಯರ್‌ನ ಹಿಂದಂಚಿಗೇ ಹಾಕುತ್ತೇನೆ. ಮುಂದಿನದನ್ನು ಎಷ್ಟು ತಗ್ಗಿಸಬೇಕು ಅಂತ ಹೇಗೆ ತಿಳಿಯುವುದು? ಅಂದಾಜಿನಲ್ಲಿ ಮಾಡುವುದಾ?

ಮ್ಯೂನಿಕ್_ಕನ್ನಡಿಗ

ಗೋಡೆ ಸಾಕು. ಸಮ ನೆಲದಲ್ಲಿ ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಯಾರಾದರೂ ಸೀಟಿನ ಮೇಲೆ ಕೂತಿರಲಿ, ಟೈರಿಗೆ ಗಾಳಿ ಸರಿ ಇರಲಿ. ಲೈಟ್ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು ಗೋಡೆ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹ್ಯಾಂಡಲ್ ಮೇಲಿನ ಲೈಟ್ ಸಾಮಾನ್ಯವಾಗಿ 95 ಸೆಂ.ಮೀ. ಆಸುಪಾಸು ಇರುತ್ತದೆ. ಬೆಳಕಿನ ಅತಿ ಪ್ರಖರ ಭಾಗ ಆ ಗೆರೆಗಿಂತ ಒಂದು ಗೇಣು ಕೆಳಗೆ ಬೀಳಬೇಕು. 5 ಮೀಟರಿಗೆ ಒಂದು ಗೇಣು ಇಳಿದರೆ 20 ಮೀಟರಿಗೆ ನಾಲ್ಕು ಗೇಣು, ಅಂದರೆ ಸರಿಯಾಗಿ ನೆಲ ಮುಟ್ಟುತ್ತದೆ. ಹುಬ್ಬಳ್ಳಿಯವರು ಹೇಳಿದ 20 ಮೀಟರ್ ಅಲ್ಲಿಗೆ ಬಂತು.

ಮೇಲೆ ಗಡಿ ಇರುವ ಲೈಟ್ ಆದರೆ ಆ ಗಡಿ ಗೆರೆಗಿಂತ ಸ್ವಲ್ಪ ಕೆಳಗೇ ಇರಲಿ, ಮೇಲೆ ಹೋಗಬಾರದು. ಒಂದು ಸಲ ಸರಿ ಮಾಡಿದ ಮೇಲೆ ಮೌಂಟ್ (ಲೈಟನ್ನು ಹ್ಯಾಂಡಲ್‌ಗೆ ಹಿಡಿಸುವ ಕ್ಲಾಂಪ್) ಪಕ್ಕ ಪೇಂಟ್‌ನಲ್ಲಿ ಒಂದು ಚುಕ್ಕೆ ಇಡಿ. ಜರುಗಿದರೆ ನೋಡಿದ ಕೂಡಲೇ ತಿಳಿಯುತ್ತದೆ.

ರಿಪೇರಿಬೆಂಚ್_ತುಮಕೂರು

ಜರುಗದೆ ಇರಲು ಹಳೇ ಟ್ಯೂಬಿನ ತುಂಡು ಕತ್ತರಿಸಿ ಮೌಂಟ್ ಕೆಳಗೆ ಸುತ್ತಿ. ಕಂಪನಿಯ ರಬ್ಬರಿಗಿಂತ ಗಟ್ಟಿ ಹಿಡಿಯುತ್ತದೆ. ಸಿಲಿಕಾನ್ ಪಟ್ಟಿಯ ಮೌಂಟ್ ಆದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಆಗಾಗ ಎಳೆದು ನೋಡಿ, ಸಣ್ಣ ಸೀಳು ಕಂಡರೂ ಬದಲಿಸಿ.

ಹಾಲಿನಡೈರಿ_ಮದ್ದೂರು

ಎಲ್ಲರೂ ಬ್ಯಾಟರಿ ಬಗ್ಗೆಯೇ ಮಾತಾಡುತ್ತಿದ್ದೀರಿ. ಡೈನಮೋ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ. ನಮ್ಮಪ್ಪ ಹಾಲು ಹಾಕುತ್ತಿದ್ದ ಕಾಲದಲ್ಲಿ ಸೈಕಲ್‌ಗೆ ಲೈಟ್ ಇಲ್ಲದಿದ್ದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರಂತೆ. ಆಗ ಎಲ್ಲರ ಹತ್ತಿರವೂ ಡೈನಮೋ. ಚಾರ್ಜ್ ಮಾಡುವ ತಾಪತ್ರಯ ಇಲ್ಲ, ಮರೆತು ಹೋಗುವ ಮಾತಿಲ್ಲ. ನಾನು ಈಗಲೂ ಬೆಳಗಿನ ಜಾವ ಡೈರಿಗೆ ಹೋಗುವುದು ಅದೇ ಸೈಕಲ್‌ನಲ್ಲಿ. ಆದರೆ ಹಳೇ ಬಲ್ಬಿನ ಬೆಳಕು ಹಳದಿ, ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಆ ಟ್ರೈಲರ್‌ಗಳಿಗೆ ಹಿಂದೆ ಒಂದು ರಿಫ್ಲೆಕ್ಟರೂ ಇರುವುದಿಲ್ಲ. ಕಬ್ಬಿನ ಕಾಲದಲ್ಲಿ ನಮಗೆ ದೊಡ್ಡ ಭಯವೇ ಅದು. ಅದೇ ಡೈನಮೋಗೆ ಎಲ್ಇಡಿ ಹಾಕಲು ಆಗುತ್ತದಾ?

ರಿಪೇರಿಬೆಂಚ್_ತುಮಕೂರು

ಖಂಡಿತ ಆಗುತ್ತದೆ, ಮತ್ತು ನನಗೆ ತುಂಬ ಇಷ್ಟವಾದ ಕೆಲಸ ಇದು.

ನಿಮ್ಮ ಬಾಟಲ್ ಡೈನಮೋ ಮೇಲೆ 6 ವೋಲ್ಟ್, 3 ವ್ಯಾಟ್ ಅಂತ ಬರೆದಿರುತ್ತದೆ. ಅದರಲ್ಲಿ 2.4 ವ್ಯಾಟ್ ಮುಂದಿನ ಬಲ್ಬಿಗೆ, 0.6 ಹಿಂದಿನದಕ್ಕೆ. ಹಳೇ ಬಲ್ಬ್ ಆ ಕರೆಂಟಿನ ಬಹುಪಾಲನ್ನು ಶಾಖ ಮಾಡಿಬಿಡುತ್ತದೆ. ಅದೇ ಕರೆಂಟ್ ಎಲ್ಇಡಿಗೆ ಹೋದರೆ ಎಷ್ಟೋ ಪಟ್ಟು ಬೆಳಕು ಸಿಗುತ್ತದೆ.

ಡೈನಮೋ ಗುಣ ಒಂದಿದೆ. ಸ್ಪೀಡ್ ಏರಿದರೂ ಕರೆಂಟ್ ಅರ್ಧ ಆಂಪಿಯರ್ ಹತ್ತಿರವೇ ನಿಲ್ಲುತ್ತದೆ. ಎಲ್ಇಡಿಗೂ ಬೇಕಾದ್ದು ಹೀಗೆ ಹತೋಟಿಯಲ್ಲಿರುವ ಕರೆಂಟೇ. ಡೈನಮೋದಿಂದ ಬರುವುದು ಎಸಿ. ನಾಲ್ಕು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಸೇರಿಸಿ ಬ್ರಿಡ್ಜ್ ಕಟ್ಟಿ ಡಿಸಿ ಮಾಡಿ. ಅದಕ್ಕೆ 3 ವ್ಯಾಟಿನ ಎರಡು ಎಲ್ಇಡಿ ಸೀರೀಸ್‌ನಲ್ಲಿ ಕೊಡಿ, ಹಿಂದೆ ಅಲ್ಯೂಮಿನಿಯಂ ತಗಡು ಇರಲಿ, ಇಲ್ಲದಿದ್ದರೆ ಬಿಸಿಗೆ ಸುಡುತ್ತದೆ. ನಿಧಾನ ಹೋಗುವಾಗ ಬೆಳಕು ನಡುಗುತ್ತದೆ, ಒಂದು ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಸಾಮಾನೆಲ್ಲ ಸೇರಿ ದೊಡ್ಡ ಖರ್ಚೇನಲ್ಲ. ಟಿವಿ, ರೇಡಿಯೊ ರಿಪೇರಿ ಮಾಡುವ ಯಾರಾದರೂ ಮಾಡಿಕೊಡುತ್ತಾರೆ.

ಒಂದು ಕೊರತೆ ಇದೆ. ಸೈಕಲ್ ನಿಂತರೆ ಬೆಳಕೂ ನಿಲ್ಲುತ್ತದೆ. ಮಳೆಯಲ್ಲಿ ಟೈರ್ ಮೇಲೆ ಡೈನಮೋ ಗಾಲಿ ಜಾರುತ್ತದೆ. ಹಾಗಾಗಿ ಹಿಂದೆ ಒಂದು ಬ್ಯಾಟರಿ ಲೈಟ್ ಬೇರೆ ಇರಲೇಬೇಕು.

ಬ್ರೆವೆಸವಾರ_ಹುಬ್ಬಳ್ಳಿ

ಗಾಲಿ ನಡುವೆಯೇ ಕೂರುವ ಹಬ್ ಡೈನಮೋದಲ್ಲಿ ಜಾರುವ ಪ್ರಶ್ನೆ ಇಲ್ಲ. ಶಿಮಾನೊ, ಜರ್ಮನಿಯ ಸೋನ್ ಮುಂತಾದವು ಮಾಡುತ್ತವೆ. ಅದರ ಜೊತೆ ಬರುವ ಒಳ್ಳೆ ಲೈಟ್‌ಗಳಲ್ಲಿ ನಿಂತ ಮೇಲೂ ಕೆಲವು ನಿಮಿಷ ಉರಿಯುವ ವ್ಯವಸ್ಥೆ ಇರುತ್ತದೆ. ಬೆಲೆ ಮಾತ್ರ ಜಾಸ್ತಿ, ಗಾಲಿಯನ್ನೂ ಹೊಸದಾಗಿ ಕಟ್ಟಿಸಬೇಕು. 600 ಕಿ.ಮೀ. ಮೇಲ್ಪಟ್ಟು ಹೋಗುವವರಿಗೆ ಹಾಕಿದ ದುಡ್ಡು ಸಾರ್ಥಕ. 12 ಕಿ.ಮೀ.ಗೆ ಬೇಡ.

ಮಳೆಗಾಲ_ತೀರ್ಥಹಳ್ಳಿ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈಟ್ ಉಳಿಸಿಕೊಳ್ಳುವುದೇ ಒಂದು ಕೆಲಸ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಲೈಟ್ ಹಾಳಾಗುವುದು ಬಹುಪಾಲು ನೀರಿನಿಂದಲೇ.

ಡಬ್ಬಿ ಮೇಲೆ ಐಪಿಎಕ್ಸ್4 ಅಂತ ಇದ್ದರೆ ಎಲ್ಲ ಕಡೆಯಿಂದ ಬೀಳುವ ಹನಿ ತಡೆಯುತ್ತದೆ ಅಂತ ಅರ್ಥ. ಐಪಿಎಕ್ಸ್6 ಅಂದರೆ ಜೋರಾಗಿ ಬಡಿಯುವ ನೀರನ್ನೂ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತೊಂದರೆ ಇಲ್ಲ. 7 ಇದ್ದರೆ 6 ತಾನಾಗಿಯೇ ಬಂತು ಅಂದುಕೊಳ್ಳಬೇಡಿ, ಎರಡೂ ಬೇರೆ ಪರೀಕ್ಷೆ. ಮಲೆನಾಡಿಗೆ 6 ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಬಯಲುಸೀಮೆಗೆ 4 ಸಾಕಾಗುತ್ತದೆ.

ಆದರೆ ಈ ಅಂಕಿಗಳೆಲ್ಲ ಚಾರ್ಜಿಂಗ್ ರಂಧ್ರದ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದ್ದಾಗ ಮಾತ್ರ. ಅದು ಸಡಿಲ ಆದ ದಿನ ಐಪಿ ಎಲ್ಲ ಮುಗಿಯಿತು. ಚಾರ್ಜ್ ಮಾಡಿದ ಮೇಲೆ ಬೆರಳಿನಿಂದ ಸುತ್ತ ಒತ್ತಿ ನೋಡಿ. ರಂಧ್ರ ಲೈಟಿನ ಕೆಳಗಡೆ ಇರುವ ಮಾಡೆಲ್ ತಗೊಂಡರೆ ಒಳ್ಳೆಯದು, ಮೇಲೆ ಇದ್ದರೆ ನೀರು ನಿಲ್ಲುತ್ತದೆ. ಹಿಂದಿನ ಲೈಟ್‌ಗೆ ಗಾಲಿಯಿಂದ ಕೆಸರು ಚಿಮ್ಮುತ್ತದೆ, ಮಡ್‌ಗಾರ್ಡ್ ಇಲ್ಲದ ಸೈಕಲ್‌ನಲ್ಲಿ ಒಂದೇ ಮಳೆಗೆ ಕೆಂಪು ಬೆಳಕು ಮುಚ್ಚಿಹೋಗುತ್ತದೆ. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಮಣ್ಣು ಲೆನ್ಸ್ ಗೀಚುತ್ತದೆ. ಪೈಪ್ ಹಿಡಿದು ಸೈಕಲ್ ತೊಳೆಯುವಾಗ ಲೈಟ್ ಬಿಚ್ಚಿಡಿ.

ಒದ್ದೆ ರಂಧ್ರಕ್ಕೆ ಯಾವತ್ತೂ ಚಾರ್ಜರ್ ಸಿಕ್ಕಿಸಬೇಡಿ. ಪಿನ್ ಹಸಿರುಗಟ್ಟಿ ಸವೆದುಹೋಗುತ್ತದೆ. ಒಂದು ರಾತ್ರಿ ಮುಚ್ಚಳ ತೆಗೆದು ಗಾಳಿಗೆ ಇಡಿ. ಒಲೆ ಹತ್ತಿರ ಇಡುವುದು ಬೇಡ. ಬಿಚ್ಚುವ ಲೈಟ್ ಆದರೆ ಒಳಗಿನ ಓ-ರಿಂಗಿಗೆ (ನೀರು ತಡೆಯುವ ರಬ್ಬರ್ ಉಂಗುರ) ಸ್ವಲ್ಪ ಸಿಲಿಕಾನ್ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ, ಎಂಜಿನ್ ಗ್ರೀಸ್ ಹಚ್ಚಬೇಡಿ, ರಬ್ಬರಿಗೆ ಅವು ಸರಿಹೋಗುವುದಿಲ್ಲ.

ಮಂಜಿನ ಬಗ್ಗೆಯೂ ಹೇಳಬೇಕು. ಆಗುಂಬೆ ಕಡೆ ಬೆಳಗ್ಗೆ ಹೋದರೆ ಹೆಚ್ಚು ಬೆಳಕು ಹಾಕಿದಷ್ಟೂ ಎದುರಿಗೆ ಬಿಳಿ ಗೋಡೆ ನಿಂತ ಹಾಗೆ ಆಗುತ್ತದೆ. ಹೆಲ್ಮೆಟ್ ಲೈಟ್ ಅಂತೂ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಅದನ್ನು ಆರಿಸಿ, ಹ್ಯಾಂಡಲ್ ಲೈಟನ್ನು ಕಡಿಮೆ ಮಾಡಿ, ಇನ್ನೂ ತಗ್ಗಿಸಿ. ಹಿಂದಿನ ಕೆಂಪು ಲೈಟ್ ಮಾತ್ರ ಪೂರ್ತಿ ಬೆಳಕಿನಲ್ಲಿರಲಿ.

ಕರಾವಳಿ_ಕಾರವಾರ

ನಮ್ಮಲ್ಲಿ ಮಳೆ ಜೊತೆ ಉಪ್ಪುಗಾಳಿ. ಸೆಲ್ ಕೂರುವ ಸ್ಪ್ರಿಂಗ್, ಮೌಂಟಿನ ಸ್ಕ್ರೂ ಎಲ್ಲ ತುಕ್ಕು. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಅದ್ದಿ ಸ್ಪ್ರಿಂಗ್ ಒರೆಸಿದರೆ ಅರ್ಧ ಲೈಟ್‌ಗಳು ಮತ್ತೆ ಉರಿಯುತ್ತವೆ. ಸ್ಕ್ರೂ ಸ್ಟೇನ್‌ಲೆಸ್ ಹಾಕಿಸಿ.

ಟೀಚರ್_ಶಿರಸಿ

ನಾನು ಸಂಜೆ ಮೇಲೆ ಪೇಟೆಯಿಂದ ಮನೆಗೆ ಸೈಕಲ್‌ನಲ್ಲಿ ಬರುತ್ತೇನೆ. ಲಿಥಿಯಂ ಎಲ್ಲ ಬೇಡ ಅಂತ ಎಎಎ ಸೆಲ್ ಹಾಕುವ ಹಿಂದಿನ ಲೈಟ್ ಇಟ್ಟುಕೊಂಡಿದ್ದೇನೆ. ರಜೆ ಮುಗಿದ ಮೇಲೆ ತೆಗೆದು ನೋಡಿದರೆ ಸೆಲ್ ಸೋರಿ ಒಳಗೆಲ್ಲ ಬಿಳಿ ಪುಡಿ. ಎಸೆಯಬೇಕಾ?

ರಿಪೇರಿಬೆಂಚ್_ತುಮಕೂರು

ಎಸೆಯಬೇಡಿ ಮೇಡಂ. ಅದು ಆಲ್ಕಲೈನ್ ಸೆಲ್‌ನಿಂದ ಸೋರಿದ ಕ್ಷಾರ. ಕೈಗೆ ಗ್ಲೌಸ್ ಹಾಕಿಕೊಂಡು ಸೆಲ್ ತೆಗೆಯಿರಿ. ಹತ್ತಿಗೆ ಸ್ವಲ್ಪ ನಿಂಬೆರಸ ಅಥವಾ ವಿನೆಗರ್ ಹಾಕಿ ಒರೆಸಿದರೆ ಕ್ಷಾರ ಹೋಗುತ್ತದೆ. ಆಮೇಲೆ ನೀರಿನ ಬಟ್ಟೆ, ಕೊನೆಗೆ ಆಲ್ಕೋಹಾಲ್. ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಸ್ಪ್ರಿಂಗ್ ತಿಂದುಹೋಗಿಲ್ಲದಿದ್ದರೆ ಉರಿಯುತ್ತದೆ. ಎನೆಲೂಪ್ ಥರದ ರೀಚಾರ್ಜ್ ಆಗುವ ನಿಕ್ಕಲ್ ಸೆಲ್ ಹಾಕಿದರೆ ಹೀಗೆ ಸೋರುವುದು ಬಹಳ ಕಡಿಮೆ, ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಉಳಿಯುತ್ತದೆ. ರಜೆಗೆ ಹೋಗುವಾಗ ಯಾವ ಸೆಲ್ ಆದರೂ ತೆಗೆದಿಟ್ಟು ಹೋಗಿ.

ಪೆಡಲ್_ಕಲಬುರಗಿ

ಲಾರಿ ಅಣ್ಣನ ಮಾತು ಓದಿದ ಮೇಲೆ ಮುಂದಿನ ಲೈಟ್ ತಗ್ಗಿಸಿ ಓಡಿಸಿ ನೋಡಿದೆ. ಹತ್ತಿರದ ಗುಂಡಿ ನಿಜಕ್ಕೂ ಚೆನ್ನಾಗಿ ಕಾಣುತ್ತವೆ. ಈಗ ನನ್ನದೊಂದು ಪ್ರಶ್ನೆ. ನಮ್ಮ ಬೇಸಿಗೆ ನಿಮಗೆ ಗೊತ್ತು. ಮೇ ತಿಂಗಳಲ್ಲಿ ಪೂರ್ತಿ ಬೆಳಕಿನಲ್ಲಿಟ್ಟರೆ ಸ್ವಲ್ಪ ಹೊತ್ತಿಗೇ ತಾನಾಗಿ ಮಂಕಾಗುತ್ತದೆ. ಬ್ಯಾಟರಿ ಹೋಯಿತಾ?

ರಿಪೇರಿಬೆಂಚ್_ತುಮಕೂರು

ಬಹುಶಃ ಬ್ಯಾಟರಿ ಚೆನ್ನಾಗಿಯೇ ಇದೆ. ಒಳ್ಳೆ ಲೈಟ್‌ಗಳಲ್ಲಿ ಶಾಖ ಮಿತಿ ದಾಟಿದರೆ ಬೆಳಕು ತಾನಾಗಿ ಇಳಿಯುವ ವ್ಯವಸ್ಥೆ ಇರುತ್ತದೆ. ಎಲ್ಇಡಿ ತಣ್ಣಗಾಗುವುದು ಸೈಕಲ್ ಓಡುವಾಗ ಬೀಸುವ ಗಾಳಿಯಿಂದ. ಸಿಗ್ನಲ್‌ನಲ್ಲಿ ನಿಂತಾಗ ಬೆಳಕು ಕಡಿಮೆ ಮಾಡಿ. ಗಾಳಿಗೆ ಮತ್ತೆ ಸರಿಯಾದರೆ ಬ್ಯಾಟರಿ ತಪ್ಪಲ್ಲ.

ಬಿಸಿಲಿನ ಊರಿನವರು ನೆನಪಿಡಬೇಕಾದ್ದು ಬೇರೆ. ಲಿಥಿಯಂ ಸೆಲ್‌ಗೆ ಶಾಖ ಶತ್ರು. 45 ಡಿಗ್ರಿಗಿಂತ ಬಿಸಿ ಇದ್ದಾಗ ಚಾರ್ಜ್ ಮಾಡಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಸೈಕಲ್‌ನಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಲೈಟ್ ಬಿಡಬೇಡಿ. ಬಳಸಿದ ಕೂಡಲೇ ಬಿಸಿ ಇರುವಾಗ ಚಾರ್ಜಿಗೆ ಹಾಕದೆ ಸ್ವಲ್ಪ ಆರಲು ಬಿಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ. ಪೂರ್ತಿ ಖಾಲಿ ಮಾಡಿ ಇಟ್ಟರೆ ಆಮೇಲೆ ಚಾರ್ಜ್ ತೆಗೆದುಕೊಳ್ಳದೆಯೂ ಹೋಗಬಹುದು. ದಿನಾ ಬಳಸುವವರು ಪೂರ್ತಿ ಚಾರ್ಜ್ ಮಾಡಿ, ಅದರ ಬಗ್ಗೆ ಚಿಂತೆ ಬೇಡ. ರಾತ್ರಿ ದಾರಿ ಮಧ್ಯೆ ಕತ್ತಲಾಗುವುದಕ್ಕಿಂತ ಸೆಲ್ ಸ್ವಲ್ಪ ಬೇಗ ಸವೆಯುವುದು ಮೇಲು. 300ರಿಂದ 500 ಸಲ ಚಾರ್ಜ್ ಆದ ಮೇಲೆ ಹೇಗಿದ್ದರೂ ಕಸುವು ಇಳಿಯುತ್ತದೆ. ಅದಕ್ಕೇ ಸೆಲ್ ಬದಲಿಸಲು ಬರುವ ಲೈಟ್ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು.

ಸೆಕೆಂಡ್‌ಶಿಫ್ಟ್_ನಂಜನಗೂಡು

ಎಲ್ಲರ ಮಾತು ಕೇಳಿ ತಗೊಂಡೆ. ಮುಂದೆ 400 ಲ್ಯೂಮೆನ್, ಮೇಲೆ ಗಡಿ ಇರುವ ಬೆಳಕು, ಸೆಲ್ ಬದಲಿಸಬಹುದು. ಹಿಂದೆ ಒಂದು ಉರಿಯುವ ಲೈಟ್ ಕ್ಯಾರಿಯರ್‌ಗೆ, ಒಂದು ಸಣ್ಣದು ಮಿಣುಕಲು. ಕಾಲಿಗೆ ರಿಫ್ಲೆಕ್ಟರ್ ಪಟ್ಟಿ. ಎಲ್ಲ ಸೇರಿ 3000ಕ್ಕೆ ಸ್ವಲ್ಪ ಮೇಲೆ ಹೋಯಿತು. ಗೋಡೆ ಪರೀಕ್ಷೆ ಮಾಡಿದೆ, ಒಂದು ಗೇಣಿನ ಲೆಕ್ಕ ಸರಿಯಾಗಿ ಬಂತು. ಹಂಪ್ಸ್‌ನ ನೆರಳು ದೂರದಿಂದಲೇ ತಿಳಿಯುತ್ತದೆ.

ಎರಡು ಅನುಮಾನ. ಮರದ ಕೊಂಬೆ ಬಗ್ಗಿರುವ ಕಡೆ ಮೇಲೆ ಏನೂ ಕಾಣುವುದಿಲ್ಲ. ಹೆಲ್ಮೆಟ್‌ಗೆ ಇನ್ನೊಂದು ಲೈಟ್ ಬೇಕಾ? ಮತ್ತೆ ಹಿಂದಿನ ಲೈಟ್ ನನ್ನ ಫೋನ್ ಚಾರ್ಜರ್‌ನಲ್ಲಿ ಚಾರ್ಜ್ ಆಗುತ್ತಿಲ್ಲ. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್. ಹಾಳಾದ ಪೀಸ್ ಬಂದಿದೆಯಾ?

ಬ್ರೆವೆಸವಾರ_ಹುಬ್ಬಳ್ಳಿ

ಹೆಲ್ಮೆಟ್ ಲೈಟ್ ಇದ್ದರೆ ಅನುಕೂಲ. ಕೊಂಬೆ ನೋಡಲು, ತಿರುವಿನಲ್ಲಿ ನೋಡಲು, ಪಂಕ್ಚರ್ ಆದರೆ ಎರಡೂ ಕೈ ಖಾಲಿ ಇಟ್ಟುಕೊಂಡು ಕೆಲಸ ಮಾಡಲು. 100-150 ಲ್ಯೂಮೆನ್ ಸಾಕು. ಆದರೆ ಅದನ್ನೇ ಮುಖ್ಯ ಲೈಟ್ ಮಾಡಿಕೊಳ್ಳಬೇಡಿ. ಗುಂಡಿ ನಮಗೆ ಕಾಣುವುದು ಅದರ ನೆರಳಿನಿಂದ. ಕೆಳಗಿನಿಂದ ಬೆಳಕು ಬಿದ್ದರೆ ನೆರಳು ಉದ್ದ. ಬೆಳಕು ಕಣ್ಣಿನ ಪಕ್ಕದಿಂದಲೇ ಬಿದ್ದರೆ ನೆರಳು ಗುಂಡಿಯ ಹಿಂದೆ ಅಡಗಿ ರಸ್ತೆಯೆಲ್ಲ ಸಪಾಟಾಗಿ ಕಾಣುತ್ತದೆ. ಯಾರಾದರೂ ಎದುರಿಗೆ ಬಂದಾಗ ಅವರ ಮುಖ ನೋಡಬೇಡಿ, ನಿಮ್ಮ ತಲೆ ಎಲ್ಲಿ ತಿರುಗುತ್ತದೋ ಬೆಳಕೂ ಅಲ್ಲೇ ಹೋಗುತ್ತದೆ.

ರಿಪೇರಿಬೆಂಚ್_ತುಮಕೂರು

ಪೀಸ್ ಹಾಳಾಗಿಲ್ಲದಿರಬಹುದು. ಎರಡೂ ಕಡೆ ಟೈಪ್-ಸಿ ಇದ್ದರೆ ಚಾರ್ಜರ್ ಮೊದಲು ಆ ಕಡೆಯ ಗುರುತು ಕೇಳುತ್ತದೆ. ಅದಕ್ಕೆ ಲೈಟಿನೊಳಗೆ ಎರಡು ಸಣ್ಣ ರೆಸಿಸ್ಟರ್ ಇರಬೇಕು. ಕಡಿಮೆ ಬೆಲೆಯ ಲೈಟ್‌ಗಳಲ್ಲಿ ಅದನ್ನು ಹಾಕಿರುವುದಿಲ್ಲ, ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಹಳೇ ಚಪ್ಪಟೆ ಯುಎಸ್‌ಬಿ ಚಾರ್ಜರ್, ಲೈಟ್ ಜೊತೆ ಬಂದ ಗಿಡ್ಡ ಕೇಬಲ್ ಹಾಕಿ ನೋಡಿ. ಅದರಲ್ಲೂ ಆಗದಿದ್ದರೆ ವಾಪಸ್ ಕೊಡಿ.

ಸೆಕೆಂಡ್‌ಶಿಫ್ಟ್_ನಂಜನಗೂಡು

ಹಳೇ ಚಾರ್ಜರ್‌ನಲ್ಲಿ ಆಯಿತು! ಇನ್ನೊಂದೇ ಒಂದು. ಮೊದಲಿದ್ದ ಹಿಂದಿನ ಲೈಟ್ ಬಿಚ್ಚಿ ನೋಡಿದರೆ ಒಳಗಿನ ಚಪ್ಪಟೆ ಬ್ಯಾಟರಿ ಊದಿಕೊಂಡಿದೆ. ಮುಚ್ಚಳವೇ ಮೇಲೆ ಬಂದಿದೆ. ಒತ್ತಿ ಮುಚ್ಚಿ ಬಳಸಬಹುದಾ? ಮಗನ ಸೈಕಲ್‌ಗೆ ಹಾಕೋಣ ಅಂತಿದ್ದೆ.

ರಿಪೇರಿಬೆಂಚ್_ತುಮಕೂರು

ಬೇಡವೇ ಬೇಡ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಒಳಗೆ ಗ್ಯಾಸ್ ತುಂಬಿದೆ, ತೂತಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ವೈರ್ ತುದಿಗಳು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ. ಮಕ್ಕಳ ಕೈಗೆ ಸಿಗದ ಕಡೆ, ಬಟ್ಟೆ, ಪೇಪರ್ ಹತ್ತಿರ ಇಲ್ಲದ ಕಡೆ, ಮಣ್ಣಿನ ಕುಂಡದಲ್ಲೋ ತಗಡಿನ ಡಬ್ಬಿಯಲ್ಲೋ ಇಡಿ. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಒತ್ತಿ ಪುಡಿ ಮಾಡುವಾಗ ಹೊತ್ತಿಕೊಂಡರೆ ಪೌರಕಾರ್ಮಿಕರಿಗೆ ಅಪಾಯ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಮೈಸೂರಿಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಅಥವಾ ದೊಡ್ಡ ಮೊಬೈಲ್ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಕೊಟ್ಟುಬಿಡಿ. ಮಗನ ಸೈಕಲ್‌ಗೆ ಟೀಚರ್ ಮೇಡಂ ಹತ್ತಿರ ಇರುವಂಥ ಎಎಎ ಸೆಲ್ ಲೈಟ್ ಹಾಕಿ. ಅವನೇ ಸೆಲ್ ಬದಲಿಸಿಕೊಳ್ಳುತ್ತಾನೆ.